ಚಿಪ್ಪಿನ ಸಾಕ್ಷಿಯೊಂದೇ ಸಾಲದು

ಲಿಂಗನಮಕ್ಕಿಯಲ್ಲಿ ತಡೆದು ನಿಲ್ಲಿಸಿದ ಶರಾವತಿಯ ನೀರು ಕಾರ್ಗಲ್ಲಿನ ಮಗ್ಗುಲಿನಿಂದ ತಲಕಳಲೆಗೆ ಬಂದು, ಟರ್ಬೈನುಗಳನ್ನು ತಿರುಗಿಸಿ, ಗೇರುಸೊಪ್ಪೆಯನ್ನು ದಾಟಿ ಹೊನ್ನಾವರದಲ್ಲಿ ಕಡಲು ಸೇರುತ್ತದೆ. ಆ ಕಡಲಿನಲ್ಲಿ, ಹಾಗೆಯೇ ಜಗತ್ತಿನ ಎಲ್ಲ ಕಡಲುಗಳಲ್ಲಿ, ಅಕ್ಕಿಕಾಳಿಗಿಂತ ಚಿಕ್ಕದಾದ ಬೆಳ್ಳನೆಯ ಬಸವನಹುಳುಗಳು ಬದುಕುತ್ತವೆ. ಬಹುಪಾಲಿನವುಗಳ ಉದ್ದ ಕೆಲವೇ ಮಿಲಿಮೀಟರು. ಇವು ಪಾಚಿ ಕೆರೆದು ತಿನ್ನುವುದಿಲ್ಲ, ಬೇಟೆಯಾಡಿ ನುಂಗುವುದೂ ಇಲ್ಲ. ಇನ್ನೊಂದು ಪ್ರಾಣಿಯ ಮೈರಸವನ್ನು ಹೀರಿ ಬಾಳುತ್ತವೆ. ವಿಜ್ಞಾನ ಇವುಗಳಿಗೆ ಹೆಸರಿಡಲು ಹೊರಟು ಇನ್ನೂರು ವರ್ಷ ಕಳೆದಿದೆ. ಆ ಅವಧಿಯ ಬಹುಭಾಗದಲ್ಲಿ ಹೆಸರು ಸಿಕ್ಕಿದ್ದು ಚಿಪ್ಪಿಗೆ, ಅದರೊಳಗಿದ್ದ ಜೀವಕ್ಕಲ್ಲ. ಪರಾವಲಂಬಿಗಳ ವಿಷಯದಲ್ಲಿ ಈ ಪದ್ಧತಿ ನಮ್ಮನ್ನು ದಾರಿ ತಪ್ಪಿಸಿದೆ ಎಂಬುದೂ, ಮೈ, ಮರಿ, ಆಶ್ರಯದ ಪ್ರಾಣಿ, ವಂಶವಾಹಿ ಈ ನಾಲ್ಕೂ ಕೂಡಿ ನುಡಿಯುವವರೆಗೆ ಹೆಸರನ್ನು ತಾತ್ಕಾಲಿಕವೆಂದೇ ಎಣಿಸಬೇಕು ಎಂಬುದೂ ನನ್ನ ವಾದ.

ಮೊದಲು ಪ್ರಾಣಿಯನ್ನೇ ಹತ್ತಿರದಿಂದ ನೋಡೋಣ. ಪಿರಮಿಡೆಲ್ಲಿಡೇ ಎಂಬ ಕುಟುಂಬದ ಒಡೊಸ್ಟೋಮಿಯಾ ಒಂದು ಪಚ್ಚಿಲೆಯ ಅಂಚಿಗೆ ಬಂದು ಕೂರುತ್ತದೆ ಎಂದಿಟ್ಟುಕೊಳ್ಳಿ. ಪಚ್ಚಿಲೆ ಉಸಿರಾಡಲು ಎರಡು ಚಿಪ್ಪುಗಳನ್ನು ಕೂದಲೆಳೆಯಷ್ಟು ಬಿರಿದಾಗ, ಈ ಹುಳು ತನ್ನ ಮೈಯೊಳಗೆ ಮಡಚಿಟ್ಟುಕೊಂಡಿದ್ದ ಸೊಂಡಿಲನ್ನು ಒಳಗು ಹೊರಗಾಗಿಸಿ ಹೊರಚಾಚುತ್ತದೆ. ಸೊಂಡಿಲಿನ ತುದಿಯಲ್ಲಿ ಅಂಟಿ ಹಿಡಿಯುವ ಬಟ್ಟಲೊಂದಿದೆ. ಬಟ್ಟಲಿನ ನಡುವಿನಿಂದ ಸೂಜಿಯಂಥ ಮೊನೆ ಹೊರಬಂದು ಪಚ್ಚಿಲೆಯ ಮೆದುಮೈಗೆ ಚುಚ್ಚುತ್ತದೆ. ಅದರ ಹಿಂದಿರುವ ಸ್ನಾಯುವಿನ ಪಂಪು ರಸವನ್ನು ಮೇಲಕ್ಕೆಳೆಯುತ್ತದೆ. ಸಾಮಾನ್ಯ ಬಸವನಹುಳುವಿನ ಬಾಯಲ್ಲಿ ರಾಡುಲಾ ಎಂಬ ಹಲ್ಲುಸಾಲಿನ ನಾಲಗೆ ಇರುತ್ತದೆ. ಈ ಕುಟುಂಬದಲ್ಲಿ ಅದು ಇಲ್ಲವೇ ಇಲ್ಲ. ಹೀರುವವನಿಗೆ ಕೆರೆಯುವ ಉಪಕರಣ ಬೇಕಾಗಿಲ್ಲ. ಈ ಸಂಗತಿಯನ್ನೆಲ್ಲ ಬಿಡಿಸಿ ತೋರಿಸಿದವರು ಇಂಗ್ಲೆಂಡಿನ ವೆರಾ ಫ್ರೆಟರ್ ಮತ್ತು ಅಲಸ್ಟೇರ್ ಗ್ರಹಾಂ. ಅವರ ಪ್ರಬಂಧ ಬಂದದ್ದು 1949ರಲ್ಲಿ. ಒಡೊಸ್ಟೋಮಿಯಾ ಎಂಬ ಹೆಸರು ಹುಟ್ಟಿದ್ದು 1813ರಲ್ಲಿ, ಟರ್ಬೊನಿಲ್ಲಾ ಎಂಬುದು 1826ರಲ್ಲಿ. ಅಂದರೆ ಹೆಸರಿಟ್ಟು ನೂರಿಪ್ಪತ್ತಕ್ಕೂ ಹೆಚ್ಚು ವರ್ಷ ಕಳೆದ ಮೇಲೆ ಇವು ಹೇಗೆ ಉಣ್ಣುತ್ತವೆ ಎಂಬುದು ಸ್ಪಷ್ಟವಾಯಿತು.

ಈ ನಡುವಿನ ವರ್ಷಗಳಲ್ಲಿ ಹೆಸರಿಡುವ ಕೆಲಸವೇನೂ ನಿಂತಿರಲಿಲ್ಲ. ನಮ್ಮ ಅರಬ್ಬೀ ಸಮುದ್ರದ ಉದಾಹರಣೆಯನ್ನೇ ತೆಗೆದುಕೊಳ್ಳಬಹುದು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕರಾಚಿ ಮತ್ತು ಪರ್ಷಿಯನ್ ಕೊಲ್ಲಿಯ ನಡುವೆ ಕಡಲ ತಳದ ತಂತಿಗಳನ್ನು ದುರಸ್ತಿ ಮಾಡುತ್ತಿದ್ದ ಹಡಗೊಂದರ ನಾಯಕ ಎಫ್. ಡಬ್ಲ್ಯು. ಟೌನ್‌ಸೆಂಡ್. ತಂತಿಯ ಜೊತೆ ಮೇಲೆ ಬಂದ ಕೆಸರಿನಲ್ಲಿದ್ದ ಚಿಪ್ಪುಗಳನ್ನು ಆತ ಬಹಳ ಶ್ರದ್ಧೆಯಿಂದ ಆರಿಸಿ ಇಂಗ್ಲೆಂಡಿಗೆ ಕಳಿಸುತ್ತಿದ್ದ. ಅಲ್ಲಿ ಜೇಮ್ಸ್ ಕಾಸ್ಮೊ ಮೆಲ್ವಿಲ್ ಅವುಗಳನ್ನು ವಿಂಗಡಿಸಿ, 1910ರಲ್ಲಿ ಪರ್ಷಿಯನ್ ಕೊಲ್ಲಿ, ಓಮಾನ್ ಕೊಲ್ಲಿ ಮತ್ತು ಉತ್ತರ ಅರಬ್ಬೀ ಸಮುದ್ರದ ಪಿರಮಿಡೆಲ್ಲಿಡೇ ಕುಟುಂಬವನ್ನು ಕುರಿತು ಒಂದು ಪರಿಷ್ಕರಣ ಪ್ರಕಟಿಸಿದರು. ಹಿಂದಿನ ವರ್ಷವಷ್ಟೇ ಅಮೆರಿಕದಲ್ಲಿ ಡಾಲ್ ಮತ್ತು ಬಾರ್ಟ್ಷ್ ತಮ್ಮ ಪಶ್ಚಿಮ ಕರಾವಳಿಯ ಇದೇ ಕುಟುಂಬದ ಮೇಲೆ ದಪ್ಪ ಗ್ರಂಥವೊಂದನ್ನು ಹೊರತಂದಿದ್ದರು. ಇವರ ಶ್ರಮಕ್ಕೆ ನಾನು ತಲೆಬಾಗುತ್ತೇನೆ. ಚಿತ್ರಗಳು ಸುಂದರ, ವರ್ಣನೆಗಳು ನಿಖರ. ಆದರೆ ಅವರ ಮುಂದಿದ್ದದ್ದು ಹೆಚ್ಚಾಗಿ ಒಣ ಚಿಪ್ಪು. ಏಣುಗಳೆಷ್ಟು, ಸುತ್ತುಗಳೆಷ್ಟು, ಬಾಯಂಚಿನ ಒಳಗೆ ಹಲ್ಲಿನಂಥ ಮಡಿಕೆ ಇದೆಯೇ ಇಲ್ಲವೇ, ಇಷ್ಟರ ಮೇಲೆ ತೀರ್ಮಾನ. ಹೀಗೆ ಬೆಳೆಯುತ್ತ ಬಂದ ರಾಶಿಯಲ್ಲಿ ಪ್ರಭೇದಗಳ ಹೆಸರುಗಳೇ ಸುಮಾರು 6000, ಜಾತಿಗಳ ಹೆಸರುಗಳು 350ರ ಆಸುಪಾಸು. ಇದರಲ್ಲಿ ನಿಜವಾದ ಪ್ರಾಣಿಗಳೆಷ್ಟು, ಒಂದೇ ಪ್ರಾಣಿಗೆ ಬಿದ್ದ ಬೇರೆ ಬೇರೆ ಹೆಸರುಗಳೆಷ್ಟು ಎಂಬುದನ್ನು ಬಿಡಿಸುವ ಕೆಲಸ ಇಂದಿಗೂ ಮುಗಿದಿಲ್ಲ. ಏಕೆಂದರೆ ಒಂದೇ ಪ್ರಭೇದದ ಚಿಪ್ಪಿನಲ್ಲಿ ಏಣು ಒಮ್ಮೆ ಎದ್ದು ಕಾಣಬಹುದು, ಒಮ್ಮೆ ಮಾಸಿರಬಹುದು. ಒಳಗಿನ ಹಲ್ಲಿನಂಥ ಮಡಿಕೆಯೂ ಅಷ್ಟೇ.

ಹಾಗಾದರೆ ಚಿಪ್ಪನ್ನು ಬಿಟ್ಟು ಮೈಯನ್ನು ನೋಡಿದರೆ ಮುಗಿಯಿತೇ? ಅಷ್ಟು ಸುಲಭವಿಲ್ಲ. ಪರಾವಲಂಬಿಯ ಬದುಕು ಮೈಯನ್ನೇ ತಿದ್ದಿಬಿಡುತ್ತದೆ. ಬೇಡದ್ದು ಉದುರುತ್ತದೆ, ಬೇಕಾದದ್ದು ಮಾತ್ರ ಉಳಿಯುತ್ತದೆ. ಬೇರೆ ಬೇರೆ ವಂಶದ ಪ್ರಾಣಿಗಳು ಒಂದೇ ಬಗೆಯ ಬದುಕಿಗೆ ಇಳಿದಾಗ ಒಂದೇ ಬಗೆಯಲ್ಲಿ ಬಡವಾಗುತ್ತವೆ. ಬೇಲಿಯ ಮೇಲೆ ಹಳದಿ ದಾರದಂತೆ ಹಬ್ಬುವ ಆಕಾಶಬಳ್ಳಿಯನ್ನು ಎಲ್ಲರೂ ಕಂಡಿರುತ್ತೀರಿ. ಆ ಹೆಸರಿನಲ್ಲಿ ನಾವು ಕರೆಯುವ ಎರಡು ಬಳ್ಳಿಗಳಿವೆ. ಎರಡಕ್ಕೂ ಎಲೆಯಿಲ್ಲ, ನೆಲಕ್ಕೆ ಬೇರಿಲ್ಲ, ಕಣ್ಣಿಗೆ ಎರಡೂ ಒಂದೇ. ಆದರೆ ಒಂದು ಗೆಣಸಿನ ಬಳ್ಳಿಯ ಕುಟುಂಬದ್ದು, ಇನ್ನೊಂದು ದಾಲ್ಚಿನ್ನಿ ಮರದ ಕುಟುಂಬದ್ದು. ಹೂವನ್ನೂ ಕಾಯನ್ನೂ ನೋಡದೆ ಇವನ್ನು ಒಂದೇ ಕುಲಕ್ಕೆ ಸೇರಿಸಿದರೆ ಏನಾಗುತ್ತದೋ ಅದೇ ಕಡಲ ಬಸವನಹುಳುಗಳಲ್ಲೂ ಆಯಿತು. ನಕ್ಷತ್ರಮೀನು, ಸಮುದ್ರಸೌತೆ, ಕಡಲ ಮುಳ್ಳುಚೆಂಡುಗಳ ಮೇಲೆ ಬದುಕುವ ಯೂಲಿಮಿಡೇ ಎಂಬ ಇನ್ನೊಂದು ಪರಾವಲಂಬಿ ಕುಟುಂಬವಿದೆ. ಅದರ ಚಿಪ್ಪೂ ಬೆಳ್ಳಗೆ, ನಯವಾಗಿ, ಸೂಜಿಯಂತೆ ಮೊನಚಾಗಿರುತ್ತದೆ; ಅವುಗಳಲ್ಲೂ ಬಹುಪಾಲಿಗೆ ಹಲ್ಲಿನ ನಾಲಗೆ ಇಲ್ಲ. ಜರ್ಮನಿಯ ಯೊಹಾನೆಸ್ ಥೀಲೆ 1929ರಿಂದ ಪ್ರಕಟಿಸಿದ ಮೃದ್ವಂಗಿಗಳ ಕೈಪಿಡಿ ಇಡೀ ಜಗತ್ತಿನಲ್ಲಿ ಪ್ರಮಾಣವೆನಿಸಿತ್ತು. ಅದರಲ್ಲಿ ಅವರು ಈ ಎರಡೂ ಕುಟುಂಬಗಳನ್ನು ನಾಲಗೆಯಿಲ್ಲದವುಗಳ ಗುಂಪೆಂದು ಒಟ್ಟಿಗೆ ಇಟ್ಟರು. ಇಲ್ಲದಿರುವುದನ್ನೇ ನಂಟಿನ ಗುರುತಾಗಿ ಹಿಡಿದದ್ದರಿಂದ ಆದ ಎಡವಟ್ಟು ಇದು.

ಮೈ ಎಷ್ಟರಮಟ್ಟಿಗೆ ಅಳಿಸಿಹೋಗಬಹುದು ಎನ್ನುವುದಕ್ಕೆ ಯೊಹಾನೆಸ್ ಮ್ಯುಲರ್ ಅವರ ಅನುಭವಕ್ಕಿಂತ ದೊಡ್ಡ ನಿದರ್ಶನ ಬೇಡ. ಹತ್ತೊಂಬತ್ತನೆಯ ಶತಮಾನದ ದೊಡ್ಡ ಶರೀರಶಾಸ್ತ್ರಜ್ಞರಲ್ಲಿ ಒಬ್ಬರಾದ ಅವರು 1851ರಲ್ಲಿ ಏಡ್ರಿಯಾಟಿಕ್ ಕಡಲಿನ ತ್ರಿಯೆಸ್ತೆಯ ಬಳಿ ಸೈನಾಪ್ಟಾ ಎಂಬ ಸಮುದ್ರಸೌತೆಗಳನ್ನು ಕೊಯ್ದು ನೋಡುತ್ತಿದ್ದರು. ಕೆಲವುಗಳ ಒಳಗೆ ಕರುಳಿನ ರಕ್ತನಾಳಕ್ಕೆ ಅಂಟಿಕೊಂಡ ಹುಳುವಿನಂಥ ಕೊಳವೆ ಸಿಕ್ಕಿತು. ಅದಕ್ಕೆ ಚಿಪ್ಪಿಲ್ಲ, ಕಣ್ಣಿಲ್ಲ, ಕಾಲಿಲ್ಲ. ಆದರೆ ಕೊಳವೆಯೊಳಗಿನ ಮೊಟ್ಟೆಗಳಿಂದ ಹೊರಟ ಮರಿಗಳಿಗೆ ಸುರುಳಿ ಚಿಪ್ಪಿತ್ತು, ಚಿಪ್ಪಿಗೆ ಮುಚ್ಚಳವೂ ಇತ್ತು! ಸಮುದ್ರಸೌತೆಗಳಲ್ಲಿ ಬಸವನಹುಳುಗಳು ಹುಟ್ಟುವ ವಿಷಯವನ್ನೇ ಶೀರ್ಷಿಕೆಯಲ್ಲಿ ತಂದು ಅವರು 1852ರಲ್ಲಿ ಪುಸ್ತಕ ಬರೆದರು. ಆ ಕೊಳವೆಯೇ ಬಸವನಹುಳುವಿನ ತಾಯಿ ಎಂದು ಒಪ್ಪುವುದು ಆ ಕಾಲಕ್ಕೆ ಕಷ್ಟವಾಗಿತ್ತು. ಎಂಟೊಕಾಂಕಾ ಎಂಬ ಆ ಪ್ರಾಣಿ ಇಂದು ಯೂಲಿಮಿಡೇ ಕುಟುಂಬದಲ್ಲಿದೆ. ಬೆಳೆದ ಪ್ರಾಣಿಯಲ್ಲಿ ಒಂದು ಗುರುತೂ ಉಳಿಯದಿದ್ದಾಗ ವಂಶವನ್ನು ಹೇಳಿದ್ದು ಮರಿ.

ಪಿರಮಿಡೆಲ್ಲಿಡೇ ಕುಟುಂಬದ ಗುಟ್ಟು ಹೊರಬಿದ್ದದ್ದೂ ಮರಿಯಿಂದಲೇ. ಈ ಚಿಪ್ಪಿನ ತುದಿಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟರೆ ವಿಚಿತ್ರವೊಂದು ಕಾಣುತ್ತದೆ. ದೊಡ್ಡ ಚಿಪ್ಪು ಬಲಕ್ಕೆ ಸುತ್ತುತ್ತ ಬೆಳೆದಿದೆ. ಆದರೆ ತುದಿಯಲ್ಲಿ, ಮರಿಯಾಗಿದ್ದಾಗ ಕಟ್ಟಿದ ಗುಂಡುಸೂಜಿ ತಲೆಯಷ್ಟೂ ಇಲ್ಲದ ಪುಟ್ಟ ಸುರುಳಿ ಎಡಕ್ಕೆ ತಿರುಗಿ, ಅಡ್ಡಲಾಗಿ ಒರಗಿಕೊಂಡು, ಕೆಲವೊಮ್ಮೆ ಮುಂದಿನ ಸುತ್ತಿನಲ್ಲಿ ಅರ್ಧ ಹುದುಗಿಕೊಂಡು ಕೂತಿದೆ. ಯೂಲಿಮಿಡೇ ಚಿಪ್ಪಿನಲ್ಲಿ ಹೀಗಿಲ್ಲ. ಅಲ್ಲಿ ಮರಿಯ ಸುರುಳಿಯೂ ಬೆಳೆದ ಸುರುಳಿಯೂ ಒಂದೇ ದಿಕ್ಕಿನವು. ಫ್ರೆಟರ್ ಮತ್ತು ಗ್ರಹಾಂ ಒಳಗಿನ ಅಂಗರಚನೆಯನ್ನು ಕಂಡು, ಇವು ಕವಡೆ, ಶಂಖಗಳ ನಂಟರಲ್ಲ, ಕಡಲಗೊಂಡೆಹುಳುಗಳ ಕಡೆಯವು ಎಂದರು. 1985ರಲ್ಲಿ ಆಸ್ಟ್ರಿಯಾದ ಗೆರ್ಹಾರ್ಡ್ ಹಸ್ಪ್ರುನಾರ್ ಇವನ್ನು ಹೆಟರೊಬ್ರಾಂಕಿಯಾ ಎಂಬ ವಿಶಾಲ ಗುಂಪಿಗೆ ತಂದರು. 2010ರಲ್ಲಿ ಕ್ಯಾಥರೀನಾ ಯೋರ್ಗರ್ ಮತ್ತು ಸಂಗಡಿಗರು ವಂಶವಾಹಿಗಳನ್ನು ಹೋಲಿಸಿ ಇನ್ನೂ ಮುಂದೆ ಹೋದರು: ಇವುಗಳ ಹತ್ತಿರದ ಬಳಗ ಪ್ಯಾನ್‌ಪಲ್ಮೊನೇಟಾ. ಶ್ವಾಸಕೋಶವುಳ್ಳ ನೆಲದ ಬಸವನಹುಳುಗಳು, ಚಿಪ್ಪಿಲ್ಲದ ಗೊಂಡೆಹುಳುಗಳು ಇರುವ ಬಳಗ ಅದು. ಹೊಸನಗರ, ತೀರ್ಥಹಳ್ಳಿಗಳ ಅಡಕೆ ತೋಟಗಳಲ್ಲಿ ಮಳೆಗಾಲದ ರಾತ್ರಿ ಹರಿದಾಡುವ ಗೊಂಡೆಹುಳು, ಕಡಲಿನ ಒಡೊಸ್ಟೋಮಿಯಾಗೆ ಅದರ ಪಕ್ಕದಲ್ಲೇ ಬದುಕುವ ಶಂಖಕ್ಕಿಂತ ಸಮೀಪದ ನಂಟ. ನನಗೆ ಇದು ಈ ವಿಷಯದ ಅತ್ಯಂತ ಬೆಲೆಬಾಳುವ ಫಲಿತಾಂಶವೆನಿಸುತ್ತದೆ. ಒಣ ಚಿಪ್ಪುಗಳನ್ನು ಇನ್ನೂ ನೂರು ವರ್ಷ ಅಳೆದಿದ್ದರೂ ಈ ನಂಟು ಹೊಳೆಯುತ್ತಿರಲಿಲ್ಲ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ, ಅದು ನ್ಯಾಯವಾದದ್ದೇ. ತುದಿಯ ಮರಿಸುರುಳಿಯೂ ಚಿಪ್ಪಿನ ಭಾಗವೇ ತಾನೇ? ಚಿಪ್ಪು ಸುಳ್ಳು ಹೇಳುತ್ತದೆಂದರೆ ಈ ಸಾಕ್ಷ್ಯವನ್ನೇಕೆ ಒಪ್ಪಿದಿರಿ? ಚಿಪ್ಪು ಸುಳ್ಳು ಹೇಳುತ್ತದೆಂದು ನಾನು ಹೇಳುತ್ತಿಲ್ಲ. ಚಿಪ್ಪಿನ ಯಾವ ಭಾಗ ಯಾವ ಪ್ರಶ್ನೆಗೆ ಉತ್ತರಿಸಬಲ್ಲದು ಎಂಬುದನ್ನು ಚಿಪ್ಪೇ ಹೇಳಲಾರದು. ಮರಿಸುರುಳಿ ಕಟ್ಟುವಾಗ ಹುಳು ಇನ್ನೂ ಯಾರನ್ನೂ ಹೀರಲು ತೊಡಗಿಲ್ಲ, ಹಾಗಾಗಿ ಪರಾವಲಂಬಿ ಬದುಕಿನ ಒತ್ತಡ ಅದನ್ನು ಅಷ್ಟಾಗಿ ತಿದ್ದಿಲ್ಲ. ಅದರ ಬೆಲೆ ತಿಳಿದದ್ದು ಮೈಯೊಳಗಿನ ರಚನೆಯೊಂದಿಗೆ ಹೋಲಿಸಿದ ಮೇಲೆ. ಪ್ರಭೇದಗಳನ್ನು ಬಿಡಿಸುವ ಮಟ್ಟದಲ್ಲಂತೂ ಚಿಪ್ಪಿನ ಕೊರತೆ ಎದ್ದು ಕಾಣುತ್ತದೆ. ಅಮೆರಿಕದ ಪೂರ್ವ ಕರಾವಳಿಯಲ್ಲಿ ಒಡೊಸ್ಟೋಮಿಯಾ ಎಂದೇ ಕರೆಯುತ್ತಿದ್ದ ಹುಳುಗಳ ವೀರ್ಯದ ಪೊಟ್ಟಣಗಳನ್ನು ರಾಬರ್ಟ್ ರಾಬರ್ಟ್‌ಸನ್ ಪರೀಕ್ಷಿಸಿದರು. ಈ ಹುಳುಗಳು ಗಂಡೂ ಹೆಣ್ಣೂ ಒಂದೇ ಮೈಯಲ್ಲಿರುವಂಥವು. ಕೆಲವು ಪ್ರಭೇದಗಳು ವೀರ್ಯವನ್ನು ಪುಟ್ಟ ಪೊಟ್ಟಣ ಕಟ್ಟಿ ಜೊತೆಗಾರನ ಮೇಲೆ ಅಂಟಿಸುತ್ತವೆ. ಆರು ಪ್ರಭೇದಗಳ ಪೊಟ್ಟಣಗಳ ಆಕಾರವನ್ನು ಆಧಾರವಾಗಿಟ್ಟುಕೊಂಡು 1978ರಲ್ಲಿ ಅವರು ಬೂನಿಯಾ ಎಂಬ ಹೊಸ ಜಾತಿಯನ್ನೇ ಸ್ಥಾಪಿಸಿದರು. ಮರುವರ್ಷ ಆಹಾರವನ್ನು ಗಮನಿಸಿದಾಗ ಆ ವಿಭಜನೆ ಇನ್ನಷ್ಟು ಗಟ್ಟಿಯಾಯಿತು: ಬೂನಿಯಾ ಮೃದ್ವಂಗಿಗಳ ಮೇಲೆ, ಅದರ ನೆರೆಯ ಫಾರ್ಗೋವಾ ಬಿರುಗೂದಲಿನ ಹುಳುಗಳ ಮೇಲೆ ಬದುಕುತ್ತದೆ.

ಹಾಗಿದ್ದರೆ ಯಾರ ಮೇಲೆ ಬದುಕುತ್ತದೆ ಎಂಬುದರಿಂದಲೇ ಹೆಸರು ನಿರ್ಧರಿಸಬಹುದಲ್ಲ ಎಂದು ಕೇಳುವವರಿದ್ದಾರೆ. ಅದೂ ಏಕಸಾಕ್ಷಿಯ ಆಸೆಯೇ. ಬೂನಿಯಾ ಇಂಪ್ರೆಸಾ ಸಿಂಪಿಯನ್ನು ಇಷ್ಟಪಡುತ್ತದೆ, ಆದರೆ ಸಿಂಪಿ ಸಿಗದಿದ್ದರೆ ಇತರ ಮೃದ್ವಂಗಿಗಳನ್ನೂ ಬಿಡುವುದಿಲ್ಲ. ಒಂದೇ ಸಿಂಪಿಯ ಮೇಲೆ ಎರಡು ಪ್ರಭೇದಗಳೂ ಇರಬಹುದು. ಇನ್ನು ಕೆಲವರು, ವಂಶವಾಹಿಯನ್ನು ಓದುವ ಯಂತ್ರ ಬಂದಿದೆ, ಇನ್ನು ಇದೆಲ್ಲ ಏಕೆ ಎನ್ನುತ್ತಾರೆ. ವಂಶವಾಹಿ ಎರಡು ಪ್ರಾಣಿಗಳು ಬೇರೆ ಎಂದು ಹೇಳಬಲ್ಲದು. ಅವುಗಳಲ್ಲಿ ಯಾವುದು ಮೆಲ್ವಿಲ್ 1910ರಲ್ಲಿ ಹೆಸರಿಟ್ಟದ್ದು ಎಂದು ಕೇಳಿದರೆ ಅದಕ್ಕೆ ಉತ್ತರವಿಲ್ಲ, ಏಕೆಂದರೆ ಹೆಸರು ಕಟ್ಟಿಕೊಂಡಿರುವುದು ಸಂಗ್ರಹಾಲಯದ ಒಣ ಚಿಪ್ಪಿಗೆ. ಹಾಗಾಗಿ ಹಳೆಯ ಚಿಪ್ಪುಗಳನ್ನು ಯಾರೂ ಆಚೆ ಎಸೆಯುವಂತಿಲ್ಲ. ಅವನ್ನು ಜೀವಂತ ಪ್ರಾಣಿಯೊಂದಿಗೆ ಮತ್ತೆ ಜೋಡಿಸಬೇಕಾಗಿದೆ. ಜೋಡಿಸಲು ಬೇಕಾದದ್ದು ಅದೇ ಕಡಲಿನಿಂದ, ಅದೇ ಆಶ್ರಯದ ಪ್ರಾಣಿಯ ಮೇಲಿಂದ ಜೀವಂತವಾಗಿ ಎತ್ತಿದ ಮಾದರಿ.

ಇಂಥ ಕೂಡುಸಾಕ್ಷ್ಯದ ಕೆಲಸ ನಮ್ಮ ಕೈಗೆ ಮೀರಿದ್ದು, ಅದೆಲ್ಲ ಪರದೇಶದ ದೊಡ್ಡ ಪ್ರಯೋಗಾಲಯಗಳಿಗೆ ಸೇರಿದ್ದು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಅದಕ್ಕೆ ಆಧಾರ ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲೇ ಇದೆ. ಪಶ್ಚಿಮ ಘಟ್ಟದ ಜಲಪಾತಗಳ ತುಂತುರಿನಲ್ಲಿ ಬಂಡೆಗಂಟಿ ಬದುಕುವ ಕ್ರೆಮ್ನೋಕಾಂಕಸ್ ಎಂಬ ಬಸವನಹುಳುವಿದೆ. ಇದು ಪರಾವಲಂಬಿಯಲ್ಲ. ಆದರೆ ವರ್ಗೀಕರಣದ ಪಾಠ ಒಂದೇ. 1855ರಲ್ಲಿ ಲೇಯರ್ಡ್ ಎಂಬುವರು ಇದರ ಒಂದು ಪ್ರಭೇದವನ್ನು ಚಿಪ್ಪು ನೋಡಿ ಅಮೆರಿಕದ ಸಿಹಿನೀರಿನ ಜಾತಿಯೊಂದಕ್ಕೆ ಸೇರಿಸಿದ್ದರು. ಭೂವಿಜ್ಞಾನಿ ವಿಲಿಯಂ ಬ್ಲಾನ್‌ಫರ್ಡ್ 1860ರ ದಶಕದಲ್ಲಿ ಇದು ಬೇರೆಯೇ ಜಾತಿ ಎಂದು ತೋರಿಸಿದರು. ಇಂದು ಅದರ ಸ್ಥಾನ ಲಿಟ್ಟೊರಿನಿಡೇ ಕುಟುಂಬದಲ್ಲಿ. ಆ ಕುಟುಂಬದ ಉಳಿದವರು ಕಡಲು, ಕಡಲಂಚುಗಳ ವಾಸಿಗಳು. ಈ ಹುಳುಗಳು ಮಹಾರಾಷ್ಟ್ರದ ಘಟ್ಟಗಳಲ್ಲಿ ಮಾತ್ರ ಇವೆ ಎಂದು ಬಹುಕಾಲ ನಂಬಲಾಗಿತ್ತು. 2013ರಲ್ಲಿ ಲಂಡನ್ನಿನ ಡೇವಿಡ್ ರೀಡ್, ಬೆಂಗಳೂರಿನ ಎನ್. ಎ. ಅರವಿಂದ ಮತ್ತು ಉಡುಪಿಯ ಎನ್. ಎ. ಮಧ್ಯಸ್ಥ ಸೇರಿ, ಅಲ್ಲಿಂದ ಸುಮಾರು ಐನೂರು ಕಿಲೋಮೀಟರು ದಕ್ಷಿಣಕ್ಕೆ ಕರ್ನಾಟಕದ ಘಟ್ಟಗಳಲ್ಲಿ ಸಿಕ್ಕ ಹೊಸ ಪ್ರಭೇದಗಳನ್ನು ವರ್ಣಿಸಿದರು. ಒಂದರ ಹೆಸರು ಕ್ರೆಮ್ನೋಕಾಂಕಸ್ ಆಗುಂಬೆನ್ಸಿಸ್. ಅವರು ನೋಡಿದ್ದು ಚಿಪ್ಪು ಮಾತ್ರವಲ್ಲ: ಜನನಾಂಗಗಳು, ಹಲ್ಲಿನ ನಾಲಗೆ, ಮೊಟ್ಟೆಯ ಕೋಶ, ಜೊತೆಗೆ ಮೂರು ವಂಶವಾಹಿಗಳು. ಘಟ್ಟದ ಹಳ್ಳಗಳಲ್ಲಿ ಅಲೆದು ಜೀವಂತ ಹುಳು ಸಂಗ್ರಹಿಸುವ ಜನ ನಮ್ಮಲ್ಲಿದ್ದದ್ದರಿಂದಲೇ ಇದು ಸಾಧ್ಯವಾಯಿತು. ಘಟ್ಟದ ಮೇಲೆ ಆದದ್ದು ಘಟ್ಟದ ಕೆಳಗೆ ಏಕಾಗಬಾರದು?

ಕೊನೆಯ ಆಕ್ಷೇಪ ಉಪಯೋಗದ್ದು: ಎರಡು ಮಿಲಿಮೀಟರಿನ ಹುಳುವಿಗೆ ಯಾವ ಹೆಸರಿದ್ದರೇನು? ಬಳಚು, ಸಿಂಪಿ, ಪಚ್ಚಿಲೆಗಳನ್ನು ಹೆಕ್ಕಿ ಮಾರಿ ಜೀವನ ಸಾಗಿಸುವವರಿಗೆ ಈ ಪ್ರಶ್ನೆ ಹೊಟ್ಟೆಗೆ ಸಂಬಂಧಿಸಿದ್ದು. ಪೆಸಿಫಿಕ್ ದ್ವೀಪಗಳ ದೈತ್ಯಬಳಚಿನ ಸಾಕಣೆ ಕೇಂದ್ರಗಳಲ್ಲಿ ಪಿರಮಿಡೆಲ್ಲಿಡೇ ಹುಳುಗಳು ಮುತ್ತಿ ಮರಿಗಳನ್ನು ಕೊಂದಿವೆ. ಬೂನಿಯಾ ಇಂಪ್ರೆಸಾ ಸೋಂಕಿತ ಸಿಂಪಿಯನ್ನು ಹೀರಿ ಆಮೇಲೆ ಆರೋಗ್ಯವಾದ ಸಿಂಪಿಯನ್ನು ಹೀರಿದಾಗ ಪರ್ಕಿನ್ಸಸ್ ಎಂಬ ಮಾರಕ ರೋಗಾಣುವನ್ನು ದಾಟಿಸುತ್ತದೆ ಎಂದು ಅಮೆರಿಕದಲ್ಲಿ 1987ರ ಪ್ರಯೋಗಗಳು ತೋರಿಸಿದವು. ಪರ್ಕಿನ್ಸಸ್ ಜಾತಿಯ ಜೀವಿಗಳು ದಕ್ಷಿಣ ಭಾರತದ ಮುತ್ತಿನ ಸಿಂಪಿಗಳಲ್ಲೂ ಕಂಡುಬಂದಿವೆ. ಇಂಥಲ್ಲಿ ಹೀರುವ ಹುಳು ಯಾವುದೆಂದು ಹೇಳಲಾಗದೆ ಒಟ್ಟಿಗೆ ಒಡೊಸ್ಟೋಮಿಯಾ ಎಂದು ಬರೆದಿಟ್ಟರೆ, ರೋಗ ದಾಟಿಸುವ ಪ್ರಭೇದವೂ ದಾಟಿಸದ ಪ್ರಭೇದವೂ ಒಂದೇ ಹೆಸರಿನಡಿ ಅಡಗುತ್ತವೆ. ಚಿಕಿತ್ಸೆಯೂ ಮುನ್ನೆಚ್ಚರಿಕೆಯೂ ಹೆಸರಿನಿಂದಲೇ ಶುರುವಾಗಬೇಕು.

ಈ ಮಾತು ಕಾರ್ಗಲ್ಲಿನ ನೀರಿಗೂ ತಾಗುತ್ತದೆ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು. ಅಲ್ಲಿಂದ ಮುಂದೆ ವಿದ್ಯುತ್ತಿಗಾಗಿ ಬೇಸಗೆಯಲ್ಲೂ ಬಿಡುವ ಸಿಹಿನೀರು ಶರಾವತಿ ಅಳಿವೆಯ ಉಪ್ಪನ್ನು ವರ್ಷವಿಡೀ ತೆಳುವಾಗಿಸಿದೆ. ಅಣೆಕಟ್ಟಿಲ್ಲದ ಅಘನಾಶಿನಿಯ ಅಳಿವೆಯಲ್ಲಿ ಬಳಚು ಇಂದಿಗೂ ಸಾವಿರಾರು ಜನರ ಅನ್ನ. ಶರಾವತಿಯ ಅಳಿವೆಯಲ್ಲಿ ಅದು ಬಹಳ ಕುಗ್ಗಿದೆ ಎಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಬರೆದಿದ್ದಾರೆ. ಆಶ್ರಯದ ಪ್ರಾಣಿ ಕುಗ್ಗಿದಲ್ಲಿ ಅದನ್ನು ನಂಬಿದ ಪರಾವಲಂಬಿಯೂ ಉಳಿಯುವುದಿಲ್ಲ. ಹೆಸರು ಪಡೆಯುವ ಮೊದಲೇ ಹೋದದ್ದು ಯಾವುದೆಂದು ಯಾರೂ ತಿಳಿಯಲಾರರು. ಇವೆರಡು ಅಳಿವೆಗಳು ಪಕ್ಕಪಕ್ಕದಲ್ಲೇ ಇರುವುದು ಅಧ್ಯಯನಕ್ಕೆ ಅಪೂರ್ವ ಅನುಕೂಲ: ಒಂದರಲ್ಲಿ ಉಪ್ಪಿನ ಸಹಜ ಏರಿಳಿತ, ಇನ್ನೊಂದರಲ್ಲಿ ಮನುಷ್ಯ ಬದಲಿಸಿದ ನೀರು. ಕಾರವಾರದ ಕೋಡಿಬಾಗದಲ್ಲಿರುವ ಕರ್ನಾಟಕ ವಿಶ್ವವಿದ್ಯಾಲಯದ ಸಾಗರ ಜೀವಶಾಸ್ತ್ರ ವಿಭಾಗಕ್ಕೂ ಮಂಗಳೂರಿನ ಮೀನುಗಾರಿಕಾ ಕಾಲೇಜಿಗೂ ಇವು ದೂರವಲ್ಲ. ಆಗಬೇಕಾದದ್ದು ಇಷ್ಟು: ಬಳಚು ಹೆಕ್ಕುವ ಹೆಂಗಸರ ಬುಟ್ಟಿಯಿಂದಲೇ ಜೀವಂತ ಬಳಚನ್ನು ಪಡೆದು, ಅದರ ಅಂಚಿನಲ್ಲಿ ಕೂತ ಹುಳುವನ್ನು ಎತ್ತಿ, ಮೈಯ ಒಂದು ತುಣುಕನ್ನು ವಂಶವಾಹಿಗೆಂದು ಆಲ್ಕೊಹಾಲಿನಲ್ಲಿಟ್ಟು, ಚಿಪ್ಪನ್ನು ತುದಿ ಮುರಿಯದಂತೆ ಉಳಿಸಿ, ಚೀಟಿಯ ಮೇಲೆ ಊರು, ತಾರೀಖುಗಳ ಜೊತೆ ಅದು ಯಾವ ಪ್ರಾಣಿಯ ಯಾವ ಭಾಗವನ್ನು ಹೀರುತ್ತಿತ್ತು, ನೀರಿನಲ್ಲಿ ಆ ಹೊತ್ತು ಉಪ್ಪೆಷ್ಟಿತ್ತು ಎಂದು ಬರೆದಿಡುವುದು.